ದೊರೆ ಗುಡಿಯ ಮೂಡಣ ಮೆಟ್ಟಿಲು

ಶನಿವಾರ ಬೆಳಿಗ್ಗೆ ದೀನಮ್ಮ ಕಸಬರಿಗೆ ಹಿಡಿದು ಚರ್ಚಿನೊಳಗೆ ಬಂದಾಗ ತೊಟ್ಟಿಯ ನೀರು ತಿಳಿಯಾಗಿತ್ತು. ಹಿಂದಿನ ಸಂಜೆಯ ಹಾಗೆ ಕದಡಿಕೊಂಡೇ ಇದ್ದಿದ್ದರೆ ಆಕೆ ಕಸ ಗುಡಿಸಿ, ಹೂವಿಟ್ಟು, ಏನೂ ಕಾಣದೆ ಮನೆಗೆ ಹೋಗುತ್ತಿದ್ದಳು. ಆದರೆ ಕಾಲುವೆ ನೀರಿನ ಕೆಸರು ರಾತ್ರಿಯೆಲ್ಲ ಕೂತು ತಳಕ್ಕಿಳಿದಿತ್ತು. ತಳದಲ್ಲಿ ಒಂದು ಬಿಳಿ ಅಂಗಿ ಕಂಡಿತು. ಅಂಗಿಯೊಳಗೆ ಆಕೆಯ ಒಬ್ಬನೇ ಮಗ, ಪಾಸ್ಟರ್ ಪ್ರಭುದಾಸ, ಅಂಗಾತ ಮಲಗಿದ್ದ.

ಕುರುಗೋಡು ಠಾಣೆಯ ಪಿಎಸ್‌ಐ ಅಂಜನಾ ಜೀಪಿನಿಂದ ಇಳಿಯುವ ಹೊತ್ತಿಗೆ ಕಲ್ಲುದಿನ್ನಿಯ ಅರ್ಧ ಊರು ಚರ್ಚಿನ ಹೊರಗೆ ನೆರೆದಿತ್ತು. ಒಳಗೆ ಮಾತ್ರ ಯಾರೂ ಕಾಲಿಟ್ಟಿರಲಿಲ್ಲ. ಬಾಗಿಲಿಗೆ ಕೈ ಅಡ್ಡ ಇಟ್ಟು ಒಬ್ಬ ಹಿರಿಯರು ನಿಂತಿದ್ದರು.

"ಯಾರನ್ನೂ ಬಿಟ್ಟಿಲ್ರಿ ಮೇಡಂ. ನಾನು ಆಶೀರ್ವಾದಪ್ಪ. ಸಿರುಗುಪ್ಪದ ಸಾಲ್ಯಾಗ ಮಾಸ್ತರ ಇದ್ದೆ. ಈಗ ಈ ಚರ್ಚಿನ ಸಭಾದ ಹಿರಿಯ. ಒಳಗ ಇರಾವ ನನ್ನ ತಂಗಿ ಮಗ."

ದೀನಮ್ಮ ಜಗಲಿಯ ಮೇಲೆ ಕೂತಿದ್ದಳು. ಕಸಬರಿಗೆ ಇನ್ನೂ ಕೈಯಲ್ಲೇ ಇತ್ತು. ಅಳುತ್ತಿರಲಿಲ್ಲ. ಅಂಜನಾಳಿಗೆ ಅಳುವವರಿಗಿಂತ ಅಳದವರನ್ನು ಕಂಡರೆ ಹೆದರಿಕೆ.

"ಯವ್ವಾ, ನನಗೇನೂ ಬ್ಯಾಡ. ಯಾರು ಮಾಡಿದ್ರು ಅಂತ ಒಂದ್ ಹೇಳು," ಎಂದಳು ದೀನಮ್ಮ.

"ಹೇಳ್ತೀನಮ್ಮ," ಎಂದಳು ಅಂಜನಾ. ಪೊಲೀಸರು ಹಾಗೆ ಮಾತು ಕೊಡಬಾರದು. ಕೊಟ್ಟುಬಿಟ್ಟಳು.

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ದಾರಿಯಲ್ಲಿ, ಭತ್ತದ ಗದ್ದೆಗಳ ನಡುವೆ ಇದೆ ಈ ಬ್ಯಾಪ್ಟಿಸ್ಟ್ ಚರ್ಚು. ಹಿಂದೆ ಒಬ್ಬ ಬಿಳಿ ಮಿಷನರಿ ದೊರೆ ಕಟ್ಟಿಸಿದ್ದು, ಅದಕ್ಕೇ ಊರ ಮಂದಿಗೆ ಅದು ದೊರೆ ಗುಡಿ. ಗೋಪುರವಿಲ್ಲ, ಮೂರ್ತಿಯಿಲ್ಲ, ಬಣ್ಣದ ಗಾಜಿಲ್ಲ. ಕಲ್ಲಿನ ಗೋಡೆ, ತೇಗದ ತೊಲೆಗಳ ಮೇಲೆ ಇಟ್ಟಿಗೆ ಗಾರೆಯ ತಾರಸಿ, ಕರಿ ಕಡಪ ಕಲ್ಲಿನ ನೆಲ. ಉತ್ತರದ ಗೋಡೆಗೆ ಪಾಸ್ಟರ್ ನಿಂತು ಬೋಧಿಸುವ ಪ್ರಸಂಗ ಪೀಠ. ಅದರ ಮುಂದೆ ನೆಲದಲ್ಲೇ ತೋಡಿದ ಕಲ್ಲಿನ ತೊಟ್ಟಿ. ಈ ಸಭೆಯವರು ಹಸುಗೂಸಿನ ತಲೆಗೆ ನೀರು ಚಿಮುಕಿಸುವವರಲ್ಲ. ಬುದ್ಧಿ ಬಂದ ಮೇಲೆ, ತಾನಾಗಿ ಕೇಳಿದವರನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಅದೇ ದೀಕ್ಷಾಸ್ನಾನ. ಉಳಿದ ದಿನ ತೊಟ್ಟಿಯ ಮೇಲೆ ಹಲಗೆ ಮುಚ್ಚಿರುತ್ತದೆ. ಭಾನುವಾರ ದೀಕ್ಷಾಸ್ನಾನ ಇತ್ತು. ಅದಕ್ಕೇ ಶುಕ್ರವಾರ ಹಲಗೆ ತೆಗೆದು, ಮೆಟ್ಟಿಲಿಗೂ ಬಾಗಿಲ ಬದಿಯ ಗೋಡೆಗೂ ಸುಣ್ಣ ಬಳಿದು, ನೀರು ಬಿಟ್ಟಿದ್ದರು.

ಆ ಸುಣ್ಣವೇ ಅಂಜನಾಳನ್ನು ಬಾಗಿಲಲ್ಲಿ ನಿಲ್ಲಿಸಿತು.

ತೊಟ್ಟಿಗೆ ಎರಡು ಕಡೆ ಮೆಟ್ಟಿಲು. ಪಡುವಣ ಮೆಟ್ಟಿಲು ಬಾಗಿಲ ಕಡೆಗೆ. ಮೂಡಣ ಮೆಟ್ಟಿಲು ಬಟ್ಟೆ ಬದಲಿಸುವ ಸಣ್ಣ ಕೋಣೆಯ ಕಡೆಗೆ. ಎರಡೂ ಕಡೆ ನೀರಿನ ಮೇಲಿದ್ದ ಮೆಟ್ಟಿಲುಗಳ ಹಸಿ ಸುಣ್ಣ ಒರೆಸಿದ ಹಾಗೆ ಕೆಟ್ಟಿತ್ತು. ಪಡುವಣದ್ದು ಸ್ವಲ್ಪ. ಮೂಡಣದ್ದು ಬಹಳ, ತೊಯ್ದ ಬಟ್ಟೆ ಎಳೆದ ಹಾಗೆ. ಅಲ್ಲಿಂದ ಕರಿ ನೆಲದ ಮೇಲೆ ಬಿಳಿ ಕಲೆಗಳ ಸಾಲು ತೊಟ್ಟಿಯನ್ನು ಅರ್ಧ ಸುತ್ತು ಹಾಕಿ ಬಾಗಿಲಿಗೆ ಬಂದಿತ್ತು. ಉತ್ತರದ ಅಂಚಿನ ಕಲ್ಲಿಗೆ ರಕ್ತ ಅಂಟಿತ್ತು.

"ಪಾಸ್ಟರ್ ಈ ಕಡಿಂದ ಇಳಿದಾನ, ಕೊಂದಾವ ಆ ಕಡಿಂದ ಹತ್ಯಾನ. ಮುಗೀತಲ್ರಿ," ಎಂದ ಹೆಡ್ ಕಾನ್‌ಸ್ಟೆಬಲ್ ಹುಲುಗೇಶ್. ಜೀಪಿನಿಂದ ಇಳಿಯುವ ಮುಂಚೆಯೇ ಕೇಸು ಬಗೆಹರಿಸುವುದು ಅವನ ಹಳೆಯ ಚಾಳಿ.

"ಪಾಸ್ಟರ್ ಇಳದಿಲ್ಲ. ರಕ್ತ ನೋಡು. ಪೀಠದ ಕಡಿಂದ ಹಿಂದಕ್ಕ ಬಿದ್ದಾರ. ತಲಿ ಕಲ್ಲಿಗೆ ಬಡದೈತಿ. ಮೆಟ್ಟಿಲ ಇಳಿದಾವನೂ ಕೊಂದಾವನ, ಹತ್ತಿದಾವನೂ ಅವನ."

"ಹಂಗಾದ್ರ ಬಾಗಿಲ ಮುಂದಿನ ಮೆಟ್ಟಿಲ ಬಿಟ್ಟು ಆ ಕಡಿ ಯಾಕ ಹತ್ತಿದ?"

"ಅದನ್ನ ನಾನೂ ಕೇಳಾಕತ್ತೀನಿ."

ಮೂಡಣ ಕೋಣೆಗೆ ಹೊರಬಾಗಿಲಿರಲಿಲ್ಲ. ಒಳಗೆ ಭಾನುವಾರಕ್ಕೆಂದು ಇಟ್ಟ ಟವೆಲ್‌ಗಳು ಮಡಿಕೆ ಮುರಿಯದೆ, ತೇವವಾಗದೆ ಹಾಗೇ ಇದ್ದವು. ಮೈ ಒರೆಸಿಕೊಳ್ಳಲೆಂದೂ ಯಾರೂ ಅತ್ತ ಹೋಗಿರಲಿಲ್ಲ. ಕೊಂದವನು ಸುಮ್ಮನೆ ಹತ್ತಿ, ಸುಮ್ಮನೆ ತೊಟ್ಟಿ ಸುತ್ತಿಕೊಂಡು, ಹೊರಗೆ ಹೋಗಿದ್ದ.

* * *

ಊರಿನ ಬಾಯಲ್ಲಿ ಕೊಲೆಗಾರ ಆಗಲೇ ಸಿಕ್ಕಿದ್ದ. ಬಳ್ಳಾರಿ ಗಾಂಧಿನಗರದ ಕಂಟ್ರಾಕ್ಟರ್ ಚನ್ನಬಸವರಾಜ.

ದೊರೆ ಗುಡಿಯನ್ನು ಕೆಡವುವ ಕೆಲಸ ಅವನದು. ಬಳ್ಳಾರಿಯಲ್ಲಿರುವ ಚರ್ಚಿನ ಕಮಿಟಿ ಒಪ್ಪಿತ್ತು. ಪ್ರಭುದಾಸನೇ ಮುಂದೆ ನಿಂತು ಒಪ್ಪಿಸಿದ್ದ. ಈ ಭಾನುವಾರದ್ದು ಹಳೆಯ ತೊಟ್ಟಿಯಲ್ಲಿ ಕಡೆಯ ದೀಕ್ಷಾಸ್ನಾನ. ಸೋಮವಾರ ಜೆಸಿಬಿ. ಆಮೇಲೆ ಅಲ್ಲೊಂದು ಕಾಂಕ್ರೀಟು ಹಾಲ್.

ಶುಕ್ರವಾರ ಸಂಜೆ ಪಾಸ್ಟರಿಗೂ ಕಂಟ್ರಾಕ್ಟರಿಗೂ ಜೋರು ಜಗಳವಾದದ್ದನ್ನು ಊರೆಲ್ಲ ಕೇಳಿತ್ತು. ಕಂಟ್ರಾಕ್ಟರನ ಫೋನು ಚರ್ಚಿನ ಬೆಂಚಿನ ಮೇಲೆ ಸಿಕ್ಕಿತು. ಅವನ ಪ್ಯಾಂಟಿಗೆ ಸುಣ್ಣ ಮೆತ್ತಿತ್ತು. ಇಷ್ಟಾದ ಮೇಲೆ ಯಾವ ಠಾಣೆಯೂ ಅವನನ್ನು ಮನೆಗೆ ಕಳಿಸುವುದಿಲ್ಲ.

"ಜಗಳ ಖರೇ ಮೇಡಂ," ಎಂದ ಚನ್ನಬಸವರಾಜ. ದೊಡ್ಡ ಮೈ, ಒಣಗಿದ ಬಾಯಿ. "ತೇಗದ ತೊಲಿ ನನಗ ಅಂತ ಮಾತಾಗಿತ್ತು. ಪಾಸ್ಟರ್ ಇಲ್ಲ ಅಂದ್ರು. ಹೊಸಾ ಹಾಲ್‌ನಾಗ ಹಾಕಸ್ತೀನಿ ಅಂದ್ರು. ನಾನೂ ನಾಕು ಮಾತು ಬೈದೆ. ಸಿಟ್ಟಿನ್ಯಾಗ ಫೋನ್ ಬಿಟ್ಟು ಬಂದೆ."

"ಸುಣ್ಣ?"

"ಗ್ವಾಡಿಗೆ ಒರಗಿದ್ದೆರಿ. ಅದೂ ಹಸಿ ಇತ್ತು."

ಕಲೆ ಸೊಂಟದ ಹತ್ತಿರವೇ ಇತ್ತು. ಒಣ ಪುಡಿ. ಪ್ಯಾಂಟಿನ ಕಾಲಿಗೆ ಕೆಸರಿರಲಿಲ್ಲ. ಬೇರೆ ಪ್ಯಾಂಟು ಹಾಕಿಕೊಂಡು ನೀರಿಗಿಳಿದಿದ್ದರೆ? ಹಾಗೂ ಇರಬಹುದು. ಠಾಣೆಯ ಹೊರಗೆ ಅವನ ಹೆಂಡತಿ ಅಕ್ಷತಾ ಬಸುರಿ ಹೊಟ್ಟೆ ಹೊತ್ತು ಬೇವಿನ ಮರದ ಕೆಳಗೆ ನಿಂತಿದ್ದಳು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

ಮಧ್ಯಾಹ್ನ ಬಳ್ಳಾರಿಯಿಂದ ಡಾಕ್ಟರ ಫೋನು ಬಂತು.

"ತಲೆ ಪೆಟ್ಟಿನಿಂದ ಸತ್ತಿಲ್ಲ, ಅಂಜನಾ. ಪ್ರಜ್ಞೆ ತಪ್ಪಿರಬಹುದು ಅಷ್ಟೆ. ಸತ್ತದ್ದು ನೀರು ಕುಡಿದು. ಆದರೆ ಒಂದು ವಿಚಿತ್ರ. ಕತ್ತಿನ ಹಿಂದೆ ಬೆರಳುಗಳ ಗುರುತಿದೆ, ಮೂಗಿನ ಎರಡೂ ಕಡೆ ಒತ್ತಿದ ಗುರುತಿದೆ. ಯಾರೋ ಕತ್ತಿಗೆ ಕೈ ಕೊಟ್ಟು, ಮೂಗು ಹಿಡಿದು, ಮುಖ ಮೇಲೆ ಮಾಡಿಯೇ ಮುಳುಗಿಸಿದ್ದಾರೆ."

"ಸಿಟ್ಟಲ್ಲಿ ಮುಳುಗಿಸೋನು ಹಾಗೆ ಹಿಡೀತಾನಾ ಡಾಕ್ಟರ್?"

"ನಾನು ನೋಡಿದವರೆಲ್ಲ ಕೂದಲು ಹಿಡಿದು ಮುಖ ಕೆಳಗೆ ಒತ್ತಿದವರೇ. ಇದು ಮಗುವಿಗೆ ತಲೆಸ್ನಾನ ಮಾಡಿಸೋ ಹಾಗಿದೆ."

* * *

ತೊಟ್ಟಿಯ ನೀರು ಖಾಲಿ ಮಾಡಿಸಲು ಅಂಜನಾ ಮತ್ತೆ ಕಲ್ಲುದಿನ್ನಿಗೆ ಹೋದಳು. ನೀರು ಗದ್ದೆಗೆ ಹರಿಯುವಾಗ ಆಶೀರ್ವಾದಪ್ಪ ಪಕ್ಕದಲ್ಲೇ ಇದ್ದರು. ಕೇಳದೆಯೇ ಕಥೆ ಹೇಳಿದರು. ಪಾಠ ಮಾಡಿ ರೂಢಿಯಾದ ಗಂಟಲು.

"ಗುಡಿ ಕಟ್ಟಿ ತೊಟ್ಟಿ ತೋಡಿದ್ದಲ್ಲರಿ. ತೊಟ್ಟಿ ಮೊದಲು. ಹಿಂದಿನ ದೊಡ್ಡ ಬರದಾಗ ನಮ್ಮ ಮುತ್ತಜ್ಜಗೋಳು ನೀರಿಗಂತ ತೋಡಿದ್ದು. ಕೂಲಿಗೆ ಬರೀ ಗಂಜಿ. ದೊರಿ ಆಮ್ಯಾಲೆ ಅದರ ಸುತ್ತ ಗ್ವಾಡಿ ಎತ್ತಿದ. ಅದಕ್ಕೂ ಮುಂಚೆ ದೀಕ್ಷಾಸ್ನಾನಕ್ಕ ಕೆಂಚನಗುಡ್ಡದ ಹೊಳಿತನಕ ನಡಕೊಂಡ ಹೋಗೋರು. ಮ್ಯಾಲೆ ಕಂಬ ನೋಡ್ರಿ."

ಅಂಜನಾ ನೋಡಿದಳು. ಸಾದಾ ಕಂಬಗಳ ತುದಿಯಲ್ಲಿ ತಾವರೆ ಅರಳಿತ್ತು.

"ದೊರಿ ಬರೀ ಕಂಬ ನಿಲ್ಲಸ್ರಿ ಅಂದ. ಕುರುಗೋಡಿನ ಕಲ್ಲುಕುಟಿಗರು, ಅಲ್ಲಿ ಗುಡಿಯಾಗಿನ ದೊಡ್ಡ ನಂದಿ ಬಸವಣ್ಣನ ಕೆತ್ತಿದ ವಂಶದ ಮಂದಿ, ಕೈ ಸುಮ್ಮನ ಇರತೈತೇನು? ತಾವರಿ ಕೆತ್ತೇಬಿಟ್ರು. ದೊರಿ ಬೈದನಂತ. ಆದ್ರ ತಗಸಲಿಲ್ಲ." ಅವರು ನಕ್ಕರು. 

"ಎರಡು ಕಡಿ ಮೆಟ್ಟಿಲ ಯಾಕ್ರಿ ಮಾಸ್ತರ?"

"ಹಳೇ ಮನಶ್ಯಾ ಪಡುವಲಕ್ಕ ಇಳೀತಾನ, ಹೊಸಾ ಮನಶ್ಯಾ ಮೂಡಲಕ್ಕ ಹತ್ತತಾನ. ಇಳಿದ ಕಡಿ ತಿರುಗಿ ಹತ್ತಂಗಿಲ್ಲ. ಮೆಟ್ಟಿಲ ತೊಳ್ಯಾಕ ಇಳಿದ್ರೂ ನಾವು ಹಂಗ. ಕಾಲಿಗೇ ರೂಢಿ ಆಗೇತಿ."

ಆಮೇಲೆ ಅವರೇ ಕೇಳಿದರು. "ಕಂಟ್ರಾಕ್ಟರ್ ಒಳಗಿರೋತನಕ ಇದನ್ನ ಯಾರೂ ಮುಟ್ಟಂಗಿಲ್ಲಲ್ರಿ?"

"ಕೇಸು ಅವನ ಮ್ಯಾಲೆ ನಿಂತ್ರ ಕಮಿಟಿಯೋರು ಕೆಲಸ ನಿಲ್ಲಸ್ತಾರ. ವರ್ಷಾನುಗಟ್ಟಲೆ ಹಿಡೀತೈತಿ."

"ಅಷ್ಟ ಸಾಕ್ರಿ," ಎಂದರು ಆಶೀರ್ವಾದಪ್ಪ. "ಸತ್ತಾವ ಹೆಂಗೂ ಬರಂಗಿಲ್ಲ."

ಕುರುಗೋಡಿಗೆ ಹಿಂತಿರುಗುವಾಗ ಹುಲುಗೇಶ್ ಜೀಪು ಓಡಿಸುತ್ತ ಅಂದ, "ಒಂದ್ ಮಾತ್ ಹೇಳ್ಲೇನ್ರಿ? ಆ ದೊಡ್ಡ ಮೈಯ್ಯಾವನ ಮ್ಯಾಲೆ ಹಾಕಿಬಿಡ್ರಿ. ಗುಡಿನೂ ಉಳಿತೈತಿ."

ಬೇರೆ ದಿನವಾಗಿದ್ದರೆ ಅಂಜನಾ ಅವನಿಗೆ ಛೀಮಾರಿ ಹಾಕುತ್ತಿದ್ದಳು.  ಅಂದು ಅದೇ ಆಸೆ ಅವಳಿಗೂ ಇತ್ತು. ಚನ್ನಬಸವರಾಜ ತಪ್ಪಿತಸ್ಥನಾದರೆ ತಾವರೆ ಕಂಬ ನಿಲ್ಲುತ್ತದೆ. ಅವನಲ್ಲದಿದ್ದರೆ ಅದು ನೆಲಕ್ಕೆ. ಆದರೆ ಹೊರಗಿನವನಾದ ಅವನು ಬಾಗಿಲು ಬಿಟ್ಟು ಮೂಡಣಕ್ಕೆ ಯಾಕೆ ಹತ್ತಿದ? ಆ ಪ್ರಶ್ನೆಗೆ ಆಶೀರ್ವಾದಪ್ಪ ತಾವೇ ಉತ್ತರ ಕೊಟ್ಟಾಗಿತ್ತು. ಅದು ಕೇಳಿಸದ ಹಾಗೆ ಇದ್ದುಬಿಡುವುದು ಅವಳಿಂದ ಆಗಲಿಲ್ಲ.

* * *

ಭಾನುವಾರ ಬೆಳಿಗ್ಗೆ ಪ್ರಭುದಾಸನ ದೇಹ ಊರಿಗೆ ಬಂತು. ಸಭೆ ಅಂದರೆ ಇಷ್ಟೇ, ಹತ್ತು ಹನ್ನೆರಡು ಮುದಿ ತಲೆಗಳು. ದೀನಮ್ಮನ ಮನೆಯ ಮುಂದೆ ಕೂತು ಹಾಡುತ್ತಿದ್ದರು. ಹಾಡು ನಡುನಡುವೆ ಕಡಿದುಹೋಗುತ್ತಿತ್ತು.

ಅಂಜನಾ ಆಶೀರ್ವಾದಪ್ಪನವರನ್ನು ಚರ್ಚಿಗೆ ಕರೆದಳು. ಹುಲುಗೇಶ್ ಹಿಂದೆಯೇ ಬಂದ.

"ಮಾಸ್ತರ, ದೀಕ್ಷಾಸ್ನಾನ ಹೆಂಗ ಕೊಡ್ತಾರ? ಒಮ್ಮಿ ತೋರಸ್ರಿ. ನನಗ ತಿಳಿವಲ್ದು."

"ಪಾಸ್ಟರ್ ಕೊಡೋದು ಅದು."

"ಪ್ರಭುದಾಸ್ ಬರೋಕಿಂತ ಮುಂಚೆ ಇಲ್ಲಿ ಪಾಸ್ಟರ್ ಇರಲಿಲ್ಲಂತಲ್ಲ. ನೀವ ಕೊಡ್ತಿದ್ರಂತ. ದೀನಮ್ಮ ಹೇಳಿದ್ಲು."

ಅವರು ಅಡ್ಡಿ ಮಾಡಲಿಲ್ಲ. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದರು. ಮಂಡಿನೋವಿನಿಂದ ಒಂದೊಂದೇ ಮೆಟ್ಟಿಲು, ಪಡುವಣ ಕಡೆಯಿಂದ ಖಾಲಿ ತೊಟ್ಟಿಗಿಳಿದರು. ಹುಲುಗೇಶ್ ಇಳಿದ. ಅಂಜನಾ ಇಳಿದಳು.

ಆಶೀರ್ವಾದಪ್ಪ ಹುಲುಗೇಶನ ಕೈಗಳನ್ನು ಎದೆಯ ಮೇಲೆ ಮಡಿಸಿದರು. ಎಡಗೈಯನ್ನು ಅವನ ಕತ್ತಿನ ಹಿಂದೆ ಕೊಟ್ಟರು. ಬಲಗೈಯಲ್ಲಿ ಕರವಸ್ತ್ರ ಹಿಡಿದು ಅವನ ಮೂಗನ್ನು ಮೆಲ್ಲಗೆ ಮುಚ್ಚಿದರು. "ಹಿಂಗ ಹಿಂದಕ್ಕ ಬಗ್ಗಸೋದು. ನೀರು ಮೂಗಿಗೆ ಹೋಗಬಾರದಂತ ಇದು. ಮುಳುಗಿಸಿ, ಎತ್ತಿಬಿಡೋದು."

ಅವರ ಬೆರಳುಗಳು ಡಾಕ್ಟರು ಹೇಳಿದ ಜಾಗದಲ್ಲೇ ಕೂತಿದ್ದವು. ಕತ್ತಿನ ಹಿಂದೆ ನಾಲ್ಕು, ಮೂಗಿನ ಎರಡೂ ಕಡೆ ಎರಡು.

"ಸಾಕ್ರಿ ಮಾಸ್ತರ. ಹೋಗೋಣ," ಎಂದಳು ಅಂಜನಾ.

ಅವಳು ಕದಲಲಿಲ್ಲ. ನೋಡುತ್ತ ನಿಂತಳು. ಅವರು ಬಾಗಿಲಿಗೆ ಬೆನ್ನು ಮಾಡಿದರು. ಮೂಡಣ ಮೆಟ್ಟಿಲಿನ ಕಡೆ ನಡೆದರು. ಮಂಡಿಗೆ ಕೈಕೊಟ್ಟು, ನರಳುತ್ತ, ಒಂದೊಂದಾಗಿ ಹತ್ತಿ ಮೇಲೆ ಹೋಗಿ ನಿಂತರು.

"ಬಾಗಿಲು ಈ ಕಡಿ ಐತಿ ಮಾಸ್ತರ," ಎಂದಳು ಅಂಜನಾ ಕೆಳಗಿನಿಂದ.

ಆಶೀರ್ವಾದಪ್ಪ ತಿರುಗಿದರು. ತಮ್ಮ ಕಾಲು ನೋಡಿಕೊಂಡರು. ಕಾಲ ಕೆಳಗಿನ ಕೆಟ್ಟ ಸುಣ್ಣ ನೋಡಿದರು. ಆಮೇಲೆ ಪೀಠದ ಪಕ್ಕದ ಬೆಂಚಿನ ಮೇಲೆ ಕೂತರು.

"ಕೊಂದಾವ ಇಲ್ಲೇ ಹತ್ಯಾನ," ಎಂದಳು ಅಂಜನಾ. "ಆ ಕೋಣಿಗೆ ಹೊರಬಾಗಿಲಿಲ್ಲ. ಟವೆಲ್ ಮುಟ್ಟಿಲ್ಲ. ಅಲ್ಲಿ ಹತ್ತಾಕ ಯಾವ ಕಾರಣಾನೂ ಇರಲಿಲ್ಲ, ಕಾಲಿನ ರೂಢಿ ಬಿಟ್ರ. ಚನ್ನಬಸವರಾಜಗ ಆ ರೂಢಿ ಇಲ್ಲ. ಈ ನೀರಾಗ ಮುಳುಗಿ ಎದ್ದವರಿಗೆ ಮಾತ್ರ ಐತಿ. ಅವರೊಳಗೂ ಮೂಗು ಮುಚ್ಚಿ, ಕತ್ತಿಗೆ ಕೈ ಕೊಟ್ಟು ಮುಳುಗಿಸಿದ ಕೈ ಈ ಊರಾಗ ಎರಡ. ಒಂದು ಪ್ರಭುದಾಸಂದು."

ಹೊರಗಿನಿಂದ ಹಾಡು ಕೇಳುತ್ತಿತ್ತು. ಅದು ನಿಲ್ಲುವ ತನಕ ಆಶೀರ್ವಾದಪ್ಪ ಕಾದರು.

"ಕಂಟ್ರಾಕ್ಟರ್ ಹೋದ ಮ್ಯಾಲೆ ಬಂದೆ. ಪ್ರಭುದಾಸನ್ನ ಕಡೀ ಸಲ ಕೇಳೋಣ ಅಂತ. ಅವನೇನು ಕೆಟ್ಟಾವಲ್ಲರಿ. ತಾರಸಿ ಸೋರತೈತಿ ಮಾಮ, ಗಾರಿ ಉದುರಿ ಯಾರ ತಲಿ ಮ್ಯಾಲೆ ಬಿದ್ದೀತು, ಹುಡುಗರು ಯಾರೂ ಬರವಲ್ರು ಅಂದ. ಎಲ್ಲಾ ಖರೇನ. ತೊಟ್ಟಿ ಏನ್ ಮಾಡ್ತೀಯಪಾ ಅಂದೆ. ಕೆಡವಿದ ಕಲ್ಲು ಇದರಾಗ ತುಂಬಿ ಮುಚ್ಚತೀವಿ ಅಂದ. ನಮ್ಮ ಮುತ್ತಜ್ಜಗೋಳು ಗಂಜಿ ಕುಡದು ತೋಡಿದ್ದು. ನೂಕಿಬಿಟ್ಟೆ."

"ಆಮೇಲೆ?"

"ಎತ್ತಾಕಂತ ಇಳಿದೆ. ದೇವರಾಣಿ, ಎತ್ತಾಕಂತ." ಅವರು ತಮ್ಮ ಎರಡೂ ಅಂಗೈ ನೋಡಿಕೊಂಡರು. "ಕತ್ತಿಗೆ ಕೈ ಕೊಟ್ಟೆ. ಅವನಿಗೆ ದೀಕ್ಷಾಸ್ನಾನ ಕೊಟ್ಟಾವನೂ ನಾನೇರಿ. ಹುಡುಗ ಇದ್ದ, ಮೀಸಿ ಮೂಡಿರಲಿಲ್ಲ. ಇದ ನೀರು, ಇದ ಜಾಗಾ. ಆವತ್ತು ಎತ್ತಿದೆ. ಮೊನ್ನೆ ಕೈ ಎತ್ತಲಿಲ್ಲ. ಸೋಮವಾರ ಅನ್ನೋದೊಂದ ತಲ್ಯಾಗ ಇತ್ತು."

"ಕಂಟ್ರಾಕ್ಟರ್? ಅವನ ಹೆಂಡತಿ ಬಸುರಿ."

"ನಿನ್ನೆ ಹೇಳಿಕಿ ಕೊಡಾಕ ಠಾಣಿಗೆ ಬಂದಾಗ ನೋಡಿದೆ." ಮುದುಕರು ತಲೆ ತಗ್ಗಿಸಿದರು. "ನೋಡಿನೂ ಸುಮ್ಮನಿದ್ದೆ. ಕಲ್ಲು ಉಳೀಲಿ ಅಂತ. ಮೇಡಂ, ನೀವು ಈಗ ನನ್ನ ಕರಕೊಂಡ ಹೋದ್ರ ಅವರು ಇದನ್ನ ಕೆಡವತಾರ. ಗೊತ್ತೈತಲ್ಲ ನಿಮಗ?"

"ಗೊತ್ತೈತಿ," ಎಂದಳು ಅಂಜನಾ.

* * *

ಪ್ರಭುದಾಸನ ಮಣ್ಣಾದ ಮೇಲೆ ಅಂಜನಾ ದೀನಮ್ಮನಿಗೆ ಹೇಳಿದಳು. ಮಾತು ಕೊಟ್ಟಿದ್ದಳಲ್ಲ. ನಿಂತು, ನೇರವಾಗಿ, ಹೆಸರು ಹೇಳಿದಳು.

ದೀನಮ್ಮ ಅಂಜನಾಳ ಮುಖ ನೋಡಿದಳು. "ಒಬ್ಬ ಮಗ, ಒಬ್ಬ ಅಣ್ಣ," ಎಂದಳು. "ನಿನ್ನೆ ಮುಂಜಾನಿ ಒಬ್ಬನ್ನ ಕಳಕೊಂಡಿದ್ದೆ. ನೀನು ಹೇಳದ ಇದ್ದಿದ್ರ ಒಬ್ಬನರ ಉಳೀತಿದ್ದ ಯವ್ವಾ."

 

ಚನ್ನಬಸವರಾಜ ಬಿಡುಗಡೆಯಾದ. ಥ್ಯಾಂಕ್ಸ್ ಅನ್ನದೆ, ಹೆಂಡತಿಯ ಕೈ ಹಿಡಿದು ಹೋದ. ಪೊಲೀಸರು ತೊಟ್ಟಿಯ ಅಳತೆ, ಫೋಟೋ ಎಲ್ಲ ಮುಗಿಸಿದರು. ಕಮಿಟಿಯವರಿಗೆ ಈಗ ಎರಡನೇ ಮಾತೇ ಬೇಕಿರಲಿಲ್ಲ. ಪಾಸ್ಟರನ್ನೇ ಮುಳುಗಿಸಿದ ತೊಟ್ಟಿಯ ಮುಂದೆ ಯಾರು ಪ್ರಾರ್ಥನೆ ಮಾಡುತ್ತಾರೆ? ಹೊಸ ಹಾಲ್ ಕಟ್ಟುವ ಮಾತನ್ನೂ ಬಿಟ್ಟರು. ಕೆಡವಿ, ಜಾಗಕ್ಕೆ ಬೇಲಿ ಹಾಕುವುದೆಂದಾಯಿತು. ಉಳಿದ ಹತ್ತು ಮಂದಿ ಸಿರುಗುಪ್ಪದಲ್ಲಿ ಎಲ್ಲಾದರೂ ಪ್ರಾರ್ಥನೆಗೆ ಹೋಗಲಿ.

ಜೆಸಿಬಿ ಬಂದ ದಿನ ಬಂದೋಬಸ್ತಿಗೆ ಅಂಜನಾ ಹೋಗಬೇಕಾಯಿತು. ತಾರಸಿಗೆ ಮೊದಲ ಪೆಟ್ಟು ಹಾಕುವ ಮುಂಚೆ ದೀನಮ್ಮ ಬಂದಳು. ಚಪ್ಪಲಿ ಕಳಚಿ ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಅಂಜನಾ ಬಾಗಿಲಲ್ಲಿ ನಿಂತು ನೋಡಿದಳು.

ದೀನಮ್ಮ ಪಡುವಣ ಮೆಟ್ಟಿಲಿಳಿದು ತೊಟ್ಟಿಯ ತಳ ಮುಟ್ಟಿದಳು. ಮಗ ಮಲಗಿದ್ದ ಜಾಗದಲ್ಲಿ ಕೂತಳು. ಕಲ್ಲಿನ ಮೇಲೆ ಅಂಗೈ ಆಡಿಸಿದಳು. ಎದ್ದಾಗ ಅವಳ ಕಾಲು ತಾನಾಗಿ ಮೂಡಣಕ್ಕೆ ತಿರುಗಿತು. ಒಂದು ಹೆಜ್ಜೆ ಇಟ್ಟು ನಿಂತಳು. ಆ ಮೆಟ್ಟಿಲುಗಳನ್ನು ನೋಡಿದಳು. ಅಣ್ಣ ಹತ್ತಿ ಹೋದ ಮೆಟ್ಟಿಲು. ಮಗ ಹುಡುಗನಾಗಿದ್ದಾಗ ತೊಯ್ದು ತೊಪ್ಪೆಯಾಗಿ, ನಗುತ್ತ ಹತ್ತಿ ಬಂದ ಮೆಟ್ಟಿಲು.

ಆಮೇಲೆ ದೀನಮ್ಮ ತಿರುಗಿ, ಇಳಿದ ಮೆಟ್ಟಿಲನ್ನೇ ಹತ್ತಿ, ಬಾಗಿಲಿಗೆ ಬಂದಳು.